ರಾಮದುರ್ಗಕ್ಕೆ ಪಿಯಾನೊ ಕೇಳಿಸಿದ್ದು

ಊರಲ್ಲಿ ಯಾರೂ ಕಂಡಿರದ ವಾದ್ಯವನ್ನು ಮನೆಯಲ್ಲಿ ಇಟ್ಟುಕೊಂಡರೆ ನಗುವುದಕ್ಕೆ ಬೇರೆ ಏರ್ಪಾಟು ಬೇಕಿಲ್ಲ. ಪ್ರಸಂಗಗಳು ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ನಾನು ಹುಟ್ಟಿದ್ದು ಕೊಲಂಬೊದಲ್ಲಿ. ಅಲ್ಲಿ ಕೆಲಸಕ್ಕೆ ಬಂದಿದ್ದ ರಾಮದುರ್ಗದ ಎಂಜಿನಿಯರರನ್ನು ಮದುವೆಯಾಗಿ, ನನ್ನ ಪಿಯಾನೊ ಸಮೇತ ಈ ಊರಿಗೆ ಬಂದೆ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಅತ್ತೆ ನನಗೆ ಕನ್ನಡ ಕಲಿಸಿದರು. ನಾನು ಊರಿಗೆ ಪಿಯಾನೊ ಕಲಿಸಲು ಹೊರಟೆ. ಆಸೆ ಒಂದೇ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಇಡೀ ಕೃತಿಯನ್ನು ಈ ಜನ, ನಡುವೆ ಎದ್ದು ಹೋಗದೆ, ಕೊನೆಯವರೆಗೆ ಕೇಳಬೇಕು. ಒಮ್ಮೆ ಕೇಳಿದರೂ ಸಾಕು.

ಮೂರು ತಂತಿ

ಒಂದು ಬೇಸಿಗೆಯಲ್ಲಿ ಬಿಸಿಲಿಗೆ ಪಿಯಾನೊದ ಶ್ರುತಿ ಕೆಟ್ಟಿತು. ಸವದತ್ತಿಯಿಂದ ಹಾರ್ಮೋನಿಯಂ ರಿಪೇರಿ ಮಾಡುವ ಚಾಚಾ ಬಂದರು. ಪಿಯಾನೊಗೆ ಒಂದು ಸುತ್ತು ಹಾಕಿ, ಹಿಂದೆ ಬಗ್ಗಿ ನೋಡಿದರು.

“ಬಾಯಾರ, ಗಾಳಿ ಹಾಕೋ ತಿದಿ ಎಲ್ಲೈತ್ರಿ?”

“ತಿದಿ ಇಲ್ಲ ಚಾಚಾ. ಒಳಗ ತಂತಿ ಅದಾವ.”

ಮುಚ್ಚಳ ತೆಗೆದು ತೋರಿಸಿದೆ. ಚಾಚಾ ಕನ್ನಡಕ ಏರಿಸಿ ಎಣಿಸಿದರು. “ಒಂದೊಂದು ಸ್ವರಕ್ಕ ಮೂರ ಮೂರ ತಂತಿ ಹಾಕ್ಯಾರಲ್ರಿ!”

“ಹೌದ್ರಿ. ಮೂರೂ ಒಂದ ಸ್ವರ ಹಾಡತಾವ.”

ಚಾಚಾ ನನ್ನನ್ನು ಕನಿಕರದಿಂದ ನೋಡಿದರು. “ಒಬ್ಬ ಮಾಡೋ ಕೆಲಸಕ್ಕ ಮೂರ ಮಂದಿ! ಇದೇನ ಸರಕಾರಿ ಆಫೀಸ ಏನ್ರಿ?”

ಹೋಳಿಗೆಯ ತಾಟು

ಸುರೇಬಾನದಲ್ಲಿ ಪರಿಚಯದವರ ಮನೆಯ ವಾಸ್ತುಶಾಂತಿ. ಬಾರಿಸಲು ಕರೆದಿದ್ದರು. ಪಿಯಾನೊ ಹೊತ್ತೊಯ್ಯಲು ಆಗುವುದಿಲ್ಲವಲ್ಲ, ಚಿಕ್ಕ ಕೀಬೋರ್ಡನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಶುರುಮಾಡಿ ಐದು ನಿಮಿಷವಾಗಿರಲಿಲ್ಲ, ಯಾರೋ “ಊಟಕ್ಕ ಏಳ್ರೀ” ಎಂದರು. ಪಡಸಾಲೆ ಖಾಲಿ. ನಾನೂ ಹಟಕ್ಕೆ ಬಿದ್ದು ಗೋಡೆಗಳಿಗೆ ಬಾರಿಸುತ್ತಲೇ ಇದ್ದೆ.

ಮನೆಯ ಅಜ್ಜಿ ತಾಟು ಹಿಡಿದು ಬಂದರು. “ಏಳವಾ, ಹೋಳಿಗಿ ಆರತಾವು.”

“ಇನ್ನೂ ಅರ್ಧ ಉಳದೈತ್ರಿ ಅಜ್ಜಿ.”

ಅಜ್ಜಿ ನನ್ನ ಎರಡೂ ಕೈಗಳನ್ನು ಸ್ವಲ್ಪ ಹೊತ್ತು ನೋಡಿದರು. “ಹಂಗಾರ ಎಡಗೈ ಬಾರಿಸ್ಲಿ, ಬಲಗೈಲೆ ಉಣ್ಣು.”

ಹೇಳಿದವರೇ ತಾಟನ್ನು ಕೀಬೋರ್ಡಿನ ಮೇಲೆ ಇಟ್ಟರು. ಅದರ ಭಾರಕ್ಕೆ ನಾಲ್ಕಾರು ಸ್ವರ ಒಟ್ಟಿಗೆ ಕೂಗತೊಡಗಿದವು. ಅಜ್ಜಿಯ ಮುಖ ಅರಳಿತು. “ನೋಡು, ನಿನ್ನ ಕೆಲಸ ತಾಟ ಮಾಡಾಕ ಹತ್ತೈತಿ. ನೀ ಉಣ್ಣು!”

ಪೂಜೆಯ ದಿನ

ಬೈಲಹೊಂಗಲದ ಹುಡುಗಿಯೊಬ್ಬಳು ನನ್ನಲ್ಲಿ ಕಲಿಯುತ್ತಿದ್ದಳು. ಆ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ; ಮರುದಿನವೇ ಅವಳಿಗೆ ಪಿಯಾನೊ ಪರೀಕ್ಷೆ. ತಾಯಿ ಮಗಳನ್ನು ಕರೆತಂದವರು ಮೊದಲು ಪಿಯಾನೊಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ನಾನು ಮಗಳಿಗೆ “ಬಾರಿಸು” ಎಂದೆ.

“ಪೂಜಿ ಆದ ಸಾಮಾನು ಇವತ್ತ ಮುಟ್ಟಬಾರದ್ರಿ ಬಾಯಾರ,” ಎಂದರು ತಾಯಿ.

“ನಾಳೆ ಪರೀಕ್ಷೆ ಐತಲ್ಲವಾ! ಹೋಗಲಿ, ಮೇಜಿನ ಮ್ಯಾಲರೆ ಬೆರಳ ಆಡಿಸ್ಲಿ.”

ತಾಯಿ ನಾಚಿಕೊಂಡರು. “ಕುಂಕುಮ ಉಳದಿತ್ತಂತ ಮೇಜಿಗೂ ಹಚ್ಚಿಬಿಟ್ಟೇನ್ರಿ.”

ಕೊನೆಯವರೆಗೆ

ಕಡೆಗೂ ಹೋದ ವರ್ಷ ಮಹಿಳಾ ಮಂಡಳದವರು ಪಿಯಾನೊವನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಹೋಗಿ ಊರಿನ ಸಮುದಾಯ ಭವನದಲ್ಲಿ ನನ್ನ ಕಾರ್ಯಕ್ರಮ ಇಟ್ಟರು. ಸಂಜೆ ಐದಕ್ಕೆ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ನಿವೃತ್ತ ಹೆಡ್‌ಮಾಸ್ತರರು. ಈ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಸಿಗುವುದು ಸುಳ್ಳು.

ಮೊದಲೇ ಮೈಕಿನಲ್ಲಿ ಹೇಳಿದೆ: “ಈ ಕೃತಿಯೊಳಗ ಮೂರು ಭಾಗ ಅದಾವ. ಒಂದು ಭಾಗ ಮುಗಿದಾಗ ಚಪ್ಪಾಳಿ ಹೊಡೀಬ್ಯಾಡ್ರಿ. ಎಲ್ಲಾರೂ ಮೌನ ಇರ್ರಿ.”

ಮೊದಲ ಭಾಗ ಮುಗಿಯಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೆಲ್ಲ “ಶ್!” ಎಂದು ಅವರ ಬಾಯಿ, ಕೈ ಎರಡನ್ನೂ ಮುಚ್ಚಿಸಿದರು.

ಎರಡನೆಯ ಭಾಗ ಬಹಳ ನಿಧಾನ, ಬಹಳ ದುಃಖದ್ದು. ಕೊನೆಯ ಸ್ವರ ಕರಗಿತು. ಕೈ ಎತ್ತಿದೆ. ಗಾಢ ಮೌನ. ಆಮೇಲೆ ಕುರ್ಚಿಗಳ ಕಿರಕಿರ. ಹೊರಟರು, ಎಲ್ಲರೂ ಹೊರಟರು ಎಂದುಕೊಂಡು ತಿರುಗಿ ನೋಡಿದೆ.

ಯಾರೂ ಹೊರಟಿರಲಿಲ್ಲ. ಹೆಡ್‌ಮಾಸ್ತರರು ಟೋಪಿ ತೆಗೆದು, ತಲೆ ತಗ್ಗಿಸಿ, ಕೈಕಟ್ಟಿ ಎದ್ದು ನಿಂತಿದ್ದರು. ಅವರನ್ನು ನೋಡಿ ಇಡೀ ಭವನ ಹಾಗೆಯೇ ನಿಂತಿತ್ತು. ಏನು ಮಾಡುವುದೆಂದು ತೋಚದೆ ನಾನೂ ಎದ್ದು ನಿಂತೆ. ಒಂದು ನಿಮಿಷವಾದ ಮೇಲೆ ಹೆಡ್‌ಮಾಸ್ತರರು “ಕೂಡ್ರಿ” ಎಂದರು. ಎಲ್ಲರೂ ಕುಳಿತರು. ನಾನೂ ಕುಳಿತೆ.

ಮೂರನೆಯ ಭಾಗ ಕುಣಿಯುವಂಥದ್ದು. ಅದನ್ನೂ ಜನ ಮುಖ ಸಣ್ಣದು ಮಾಡಿಕೊಂಡೇ ಕೇಳಿದರು. ಆದರೆ ಒಬ್ಬರೂ ಕದಲಲಿಲ್ಲ. ಮುಗಿಸಿ, ಕಣ್ಣೊರೆಸಿಕೊಂಡು ಕೆಳಗಿಳಿದೆ.

“ಒಬ್ಬರೂ ಎದ್ದ ಹೋಗಲಿಲ್ರೀ ಸರ್! ಸಂಗೀತ ಅಷ್ಟ ಹಿಡಿಸ್ತೇನ್ರಿ?”

“ಶೋಕಸಭಾ ನಡುವ ಬಿಟ್ಟ ಹೋಗಾಕ ಬರತೈತೇನ್ರಿ ಬಾಯಾರ?” ಎಂದು ಹೆಡ್‌ಮಾಸ್ತರರು ದನಿ ತಗ್ಗಿಸಿದರು. “ಅಂದಂಗ, ತೀರಿಕೊಂಡವ್ರು ಯಾರ್ರಿ?”

“ಈ ಸಂಗೀತ ಬರೆದವ್ರು ರೀ. ತೀರಿಕೊಂಡು ಇನ್ನೂರು ವರ್ಷ ಆತು.”

ಆಗಷ್ಟೇ ಹಾಕಿಕೊಂಡಿದ್ದ ಟೋಪಿಯನ್ನು ಅವರು ಮತ್ತೆ ತೆಗೆದರು.

“ಅಯ್ಯ ಪಾಪ! ನಮ್ಮೂರಿಗೆ ಸುದ್ದಿ ಇವತ್ತ ಮುಟ್ಟಿತು ನೋಡ್ರಿ.”