ಡಾಕ್ಟರು ಬರೋದರೊಳಗೆ ಸ್ಟಾರ್ಟ್ ಆದರೆ

ಹೆಂಡತಿ: ಮತ್ತೆ ಕೇಳ್ತಿದ್ದೀನಿ. ತಂತಿ ಮೇಲಿರೋ ನನ್ನ ಬಟ್ಟೆ ಕ್ಲಿಪ್ಪು ದಿನಾ ಒಂದೊಂದೇ ಹೇಗ್ರೀ ಮಾಯ ಆಗುತ್ತೆ?

ಗಂಡ: ಗಾಳಿ ಕಣೇ, ಗಾಳಿ. ಇಲ್ಲಿ ಗಾಡಿ ಸ್ಟಾರ್ಟ್ ಆಗದೆ ನನ್ನ ಜೀವ ಹೋಗ್ತಿದೆ, ನಿನಗೆ ಕ್ಲಿಪ್ಪಿನ ಚಿಂತೆ.

ಹೆಂಡತಿ: ಬಟ್ಟೆ ಬಿಟ್ಟು ಬರೀ ಕ್ಲಿಪ್ಪು ಹಾರಿಸೋ ಗಾಳಿ ಯಾವೂರಿನದ್ರೀ ಅದು?

ಚಳಿಗಾಲದ ಬೆಳಗ್ಗೆ. ಗ್ಯಾರೇಜಿನಲ್ಲಿ ಮದುವೆಗೂ ಮುಂಚಿನ ಹಳೇ ಕಾರು, ಕಾರಿನೊಳಗೆ ಮಂಕಿ ಟೋಪಿ ಹಾಕಿಕೊಂಡ ಗಂಡ, ಬಾಗಿಲಲ್ಲಿ ಸ್ವೆಟರ್ ಜೇಬಿಗೆ ಕೈ ತುರುಕಿ ನಿಂತ ಹೆಂಡತಿ. ಊರ ಲೈಬ್ರರಿಯ ಬೀಗದ ಕೈ ಈಕೆಯ ಹತ್ತಿರ ಇರುತ್ತದೆ. ಕಾರು ಕೈಕೊಟ್ಟ ದಿನ ಓದುಗರು ಲೈಬ್ರರಿ ಮೆಟ್ಟಿಲ ಮೇಲೆ ನಡುಗುತ್ತಾ ಕೂತಿರುತ್ತಾರೆ. ಮೂರು ವಾರ ಹೀಗೇ ಆದ ಮೇಲೆ ಈಕೆ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ದಾಳೆ. ಆ ಡಾಕ್ಟರಿಗೆ ಹಳೇ ಕಾರೆಂದರೆ ಪ್ರಾಣ. ಇವತ್ತು ಎಂಟು ಗಂಟೆಗೆ ನೋಡಲು ಬರುತ್ತಾರೆ, ಹಿಡಿಸಿದರೆ ಕೊಂಡುಕೊಳ್ಳುತ್ತಾರೆ.

ಗಂಡ: ಮಾತು ಮಾತೇ ತಾನೆ? ಡಾಕ್ಟರು ಬರೋದರೊಳಗೆ ಸ್ಟಾರ್ಟ್ ಆದರೆ ಗಾಡಿ ನಮ್ಮದು?

ಹೆಂಡತಿ: ಆಗದಿದ್ರೆ ಅವರದು. ತಿರುಗಿಸಿ ಬೀಗದ ಕೈ.

ಗಂಡ ತಿರುಗಿಸಿದ. ಕಾರು ‘ಕ್ರೂ ಕ್ರೂ ಕ್ರೂ’ ಎಂದು ನರಳಿ ಸುಮ್ಮನಾಯಿತು.

ಹೆಂಡತಿ: ಏಳು ಅಂದ್ರೆ ಹೊದಿಕೆ ಎಳ್ಕೊಳ್ಳುತ್ತೆ. ನಿಮ್ಮ ಜೊತೆ ಇದ್ದೂ ಇದ್ದೂ ಅದಕ್ಕೂ ಅದೇ ಬುದ್ಧಿ.

ಗಂಡ: ಪ್ಲಗ್ ಹೊಸದು, ಬ್ಯಾಟರಿ ಹೊಸದು. ಕಾರ್ಬೊರೇಟರ್ ಬಿಚ್ಚಿ ನಾನೇ ತೊಳೆದಿದ್ದೀನಿ.

ಹೆಂಡತಿ: ನನ್ನ ಒಳ್ಳೇ ಪಾತ್ರೇಲಿ.

ಗಂಡ: ಚೋಕ್ ಅಂತೂ ರಾತ್ರಿ ಗಾಡಿ ನಿಲ್ಲಿಸಿದಾಗಲೇ ಎಳೆದು ಭದ್ರ ಮಾಡಿಟ್ಟಿರ್ತೀನಿ. ಅದರ ಮೇಲೆ ಅನುಮಾನ ಪಡೋ ಹಾಗೇ ಇಲ್ಲ.

ಹೆಂಡತಿ: ಅದೇನ್ರೀ ಅದು, ಮೂರು ಹೊತ್ತೂ ಚೋಕ್ ಚೋಕ್ ಅಂತ?

ಗಂಡ: ಎಂಜಿನ್ ತಣ್ಣಗಿದ್ದಾಗ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಬೇಕು. ಸ್ಟಿಯರಿಂಗ್ ಕೆಳಗಿರೋ ಈ ಗುಂಡಿ ಹೊರಗೆ ಎಳೆದರೆ ಅಲ್ಲಿ ಕಾರ್ಬೊರೇಟರ್ ಬಾಯಿ ಮುಚ್ಕೊಳ್ಳುತ್ತೆ. ಬಾಯಿ ಮುಚ್ಚಿದ್ರೆ ಗಾಡಿ ಸ್ಟಾರ್ಟ್ ಆಗುತ್ತೆ.

ಹೆಂಡತಿ: ಬಾಯಿ ಮುಚ್ಚಿದ್ರೆ ಕೆಲಸ ಆಗುತ್ತೆ ಅಂತ ಗೊತ್ತಿದ್ದೂ ನೀವು ಯಾವತ್ತೂ ಪ್ರಯತ್ನ ಮಾಡಿಲ್ಲವಲ್ಲ!

ಗಂಡ ಆಕ್ಸಿಲರೇಟರನ್ನು ದಬದಬ ತುಳಿದ. ಸಿಟ್ಟೆಲ್ಲ ಕಾಲಿಗಿಳಿದಿತ್ತು. ಪೆಟ್ರೋಲ್ ವಾಸನೆ ಗ್ಯಾರೇಜು ತುಂಬಿತು.

ಹೆಂಡತಿ: ಸಾಕು ನಿಲ್ಸಿ! ಉಸಿರಾಡೋಕಾಗ್ತಿಲ್ಲ.

ಗಂಡ: ಥತ್! ಪೆಟ್ರೋಲ್ ಕುಡಿದು ಗಂಟಲು ಮಟ್ಟ ಆಯ್ತು. ಇನ್ನು ಸ್ವಲ್ಪ ಹೊತ್ತು ಮುಟ್ಟೋ ಹಾಗಿಲ್ಲ. ಆರಬೇಕು.

ಹೆಂಡತಿ: ನನ್ನ ಬಟ್ಟೆ ಹಾಗೆ? ಆರಲಿ. ಆದ್ರೆ ಆರಿಸೋಕೆ ಕ್ಲಿಪ್ಪಿಲ್ಲ!

ಗಂಡ: ಈ ಮನೇಲಿ ಗಾಡಿಗೆ ಅಂತ ಒಂದು ತೃಣದಷ್ಟು ಸಹಾಯ ಯಾರಾದ್ರೂ ಮಾಡ್ತಾರಾ?

ಹೆಂಡತಿ: ನೀವು ಹಲ್ಲುಜ್ಜೋ ಹೊತ್ತಿಗೆ ದಿನಾ ಇದರೊಳಗೆ ಕೂತು ಮಂಜು ಕಟ್ಟಿದ ಗಾಜು ಒರೆಸೋಳು ಯಾರು? ಕಂಡಕಂಡಲ್ಲಿ ಬಿಸಾಕಿರೋದನ್ನೆಲ್ಲ ಎತ್ತಿಟ್ಟು ಓರಣ ಮಾಡೋಳು ಯಾರು? ದೆವ್ವ ಬಂದು ಮಾಡುತ್ತಾ?

ಗಂಡನಿಗೆ ಇದು ಹೊಸ ಸುದ್ದಿ. ಗಾಜು ತಾನಾಗಿಯೇ ಶುಭ್ರವಾಗುತ್ತದೆಂದು ಅವನು ನಂಬಿದ್ದ. ಸ್ವಲ್ಪ ಮೆತ್ತಗಾದ.

ಗಂಡ: ನಿನಗೆ ಡ್ರೈವಿಂಗ್ ಕಲಿಸಿದ್ದು ಇದೇ ಗಾಡೀಲಿ ಕಣೇ.

ಹೆಂಡತಿ: ನಾನು ಗೇಟಿನ ಕಂಬಕ್ಕೆ ಗುದ್ದಿದ್ದೂ ಇದೇ ಗಾಡೀಲಿ.

ಗಂಡ: ಆ ತಗ್ಗು ಇನ್ನೂ ಹಾಗೇ ಇದೆ. ನಾನು ತೆಗೆಸೇ ಇಲ್ಲ.

ಹೆಂಡತಿ: ಯಾಕೆ ತೆಗೆಸಲಿಲ್ಲ?

ಗಂಡ: ಅವತ್ತು ನೀನು ಮೊದಲು ಕಿರುಚಿದೆ, ಆಮೇಲೆ ಗೊಳೋ ಅಂತ ಅತ್ತೆ, ಆಮೇಲೆ ಕಂಬಕ್ಕೇ ಬೈದೆ. ಆ ತಗ್ಗು ನೋಡಿದಾಗಲೆಲ್ಲ ನಗು ಬರುತ್ತೆ. ಬೆಳಗ್ಗೆ ಬೆಳಗ್ಗೆ ನಗೋಕೆ ಒಂದು ಕಾರಣ ಬೇಕಲ್ಲ.

ಹೆಂಡತಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಹಲ್ಲಿನ ಡಾಕ್ಟರು ಒಳಗೆ ಬಂದರು, ಬಂದವರೇ ಬಾನೆಟ್ ಮೇಲೆ ಅಂಗೈ ಇಟ್ಟರು.

ಡಾಕ್ಟರು: ತಣ್ಣಗಿದೆ. ಒಳ್ಳೇದು. ಕದ್ದು ಬಿಸಿ ಮಾಡಿಲ್ಲ. ತೊಂದರೆ ಯಾವಾಗಿಂದ?

ಹೆಂಡತಿ: ಮೂರು ವಾರದಿಂದ ಡಾಕ್ಟ್ರೇ.

ಡಾಕ್ಟರು: ಚಳಿಗೆ ಜಾಸ್ತಿನಾ?

ಗಂಡ: ಬೆಳಗ್ಗೆ ಹೊತ್ತು ಜಾಸ್ತಿ. ಬಿಸಿಯಾದ ಮೇಲೆ ಏನೂ ಇಲ್ಲ.

ಡಾಕ್ಟರು: ಬಾಯಿ ತೆಗೀರಿ.

ಗಂಡ ಅಭ್ಯಾಸಬಲದಿಂದ ‘ಆ’ ಎಂದ.

ಡಾಕ್ಟರು: ನಿಮ್ಮದಲ್ಲ, ಬಾನೆಟ್ಟು!

ಬಾನೆಟ್ ಎತ್ತಿದರು. ಡಾಕ್ಟರು ಮೇಲಿನ ಮುಚ್ಚಳ ಬಿಚ್ಚಿ, ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಕಾರ್ಬೊರೇಟರಿನೊಳಗೆ ಇಣುಕಿದರು.

ಡಾಕ್ಟರು: ಚೋಕ್ ಎಳೆದಿದ್ದೀರಾ?

ಗಂಡ: ರಾತ್ರಿಯೇ.

ಡಾಕ್ಟರು: ಇಲ್ಲಿ ಬಾಯಿ ಬಿಟ್ಕೊಂಡು ನಿಂತಿದೆ ಇದು.

ಗಂಡ: ಸಾಧ್ಯವೇ ಇಲ್ಲ! ನಾನೇ ಎಳೆದಿದ್ದೀನಿ. ಆ ಗುಂಡಿ ಸವೆದುಹೋಗಿದೆ, ಬಿಟ್ಟರೆ ಒಳಗೆ ಜಾರುತ್ತೆ. ಅದಕ್ಕೇ ಜಾರದ ಹಾಗೆ ಬುಡಕ್ಕೆ ಒಂದು...

ಗಂಡ ನಡುವೆಯೇ ನಿಲ್ಲಿಸಿ ಟೋಪಿ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇಂಥವರನ್ನು ಕಂಡೇ.

ಹೆಂಡತಿ: ಬುಡಕ್ಕೆ ಒಂದು ಏನು?

ಗಂಡ: ಸಣ್ಣದು.

ಹೆಂಡತಿ: ಸಣ್ಣದು ಏನೂಂತ?

ಗಂಡ: ಕ್ಲಿಪ್ಪು.

ಹೆಂಡತಿ: ಗಾಳಿ ಅಂದ್ರಲ್ಲ! ಈ ಗಾಳಿಗೆ ಮಂಕಿ ಟೋಪಿ ಬೇರೆ!

ಗಂಡ: ಒಪ್ಕೊಂಡೆ ಮಾರಾಯ್ತಿ! ಆದ್ರೆ ದಿನಾ ರಾತ್ರಿ ಹಾಕ್ತೀನಿ, ಮಾರನೇ ರಾತ್ರಿ ನೋಡಿದ್ರೆ ಇರಲ್ಲ. ಅಲುಗಾಟಕ್ಕೆ ಎಲ್ಲೋ ಬಿತ್ತು ಅಂದ್ಕೊಂಡು ಇನ್ನೊಂದು ತರ್ತೀನಿ. ಹಾಕಿದ್ದು ಹೋಗೋದಾದ್ರೂ ಎಲ್ಲಿಗೆ?

ಈಗ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಬದಲಾಯಿತು. ಹೆಂಡತಿಯ ಕೈ ಸ್ವೆಟರ್ ಜೇಬಿನೊಳಗೆ ಮೆಲ್ಲಗೆ ಅಲುಗಿತು. ಕೆಂಪು ಕ್ಲಿಪ್ಪೊಂದು ಹೊರಗೆ ಬಂತು.

ಹೆಂಡತಿ: ಗಾಜು ಒರೆಸುವಾಗ ದಿನಾ ಸ್ಟಿಯರಿಂಗ್ ಕೆಳಗೆ ಒಂದು ಸಿಕ್ಕಿರೋದು. ಕದ್ದವರು ತಾವಾಗೇ ಬಾಯಿ ಬಿಡ್ಲಿ ಅಂತ ನಾನೂ ಸುಮ್ಮನಿದ್ದೆ. ಅದು ಅಲ್ಲಿ ಕೆಲಸಕ್ಕಿದೆ ಅಂತ ನನಗೇನು ಗೊತ್ತು?

ಡಾಕ್ಟರು: ಎತ್ತು ಏರಿಗೆ, ಕೋಣ ನೀರಿಗೆ! ಕೊಡಿ ಇಲ್ಲಿ.

ಡಾಕ್ಟರು ಗುಂಡಿ ಎಳೆದು ಕ್ಲಿಪ್ಪು ಸಿಕ್ಕಿಸಿದರು. ಗಂಡ ಬೀಗದ ಕೈ ತಿರುಗಿಸಿದ. ಕಾರು ಒಮ್ಮೆ ಸೀನಿ, ಎರಡು ಸಲ ಕೆಮ್ಮಿ, ಗುರ್ರೆಂದು ಎದ್ದಿತು. ಗಂಡನ ಮುಖ ಅರಳಿತು, ಮರುಗಳಿಗೆ ಬಾಡಿತು. ಡಾಕ್ಟರು ಬಂದ ಮೇಲೆ ಸ್ಟಾರ್ಟ್ ಆಗಿ ಏನು ಪ್ರಯೋಜನ?

ಡಾಕ್ಟರು: ಎಂಥಾ ದನಿ! ಇವತ್ತೇ ತಗೊಂಡು ಹೋಗ್ತೀನಿ. ಬಣ್ಣ ಬದಲಾಯಿಸ್ತೀನಿ. ಇಲ್ಲಿ ಮುಂದೆ ಯಾರೋ ಗುದ್ದಿದ್ದಾರಲ್ಲ, ಈ ತಗ್ಗು ಮೊದಲು ತುಂಬಿಸಬೇಕು. ಗುರುತೇ ಸಿಗಬಾರದು!

ಗಂಡ ತಲೆ ತಗ್ಗಿಸಿದ. ಹೆಂಡತಿ ತಗ್ಗಿನ ಕಡೆ ನೋಡಿದಳು, ಗಂಡನ ಟೋಪಿಯ ಕಡೆ ನೋಡಿದಳು. ಆಮೇಲೆ ಕಿಟಕಿಯೊಳಗೆ ಕೈ ಹಾಕಿ ಕ್ಲಿಪ್ಪನ್ನು ಪಟ್ಟನೆ ಕಿತ್ತಳು. ಗುಂಡಿ ಒಳಗೆ ಜಾರಿತು. ಕಾರು ಎರಡು ಸಲ ಬಿಕ್ಕಿ ನಿಂತೇಹೋಯಿತು.

ಡಾಕ್ಟರು: ಅಯ್ಯಯ್ಯೋ, ಏನಮ್ಮಾ ಇದು?

ಹೆಂಡತಿ: ನೋಡಿದ್ರಾ ಡಾಕ್ಟ್ರೇ? ಮೂರು ವಾರದಿಂದ ಇದೇ ಗೋಳು. ಇಂಥ ಗಾಡೀನ ನಿಮ್ಮ ತಲೆಗೆ ಕಟ್ಟಿದ್ರೆ ನಮಗೆ ಪಾಪ ಸುತ್ಕೊಳ್ಳಲ್ವಾ?

ಡಾಕ್ಟರು: ಆ ಕ್ಲಿಪ್ಪು ಮತ್ತೆ ಹಾಕಿದ್ರೆ ಆಯ್ತಲ್ಲಮ್ಮಾ!

ಹೆಂಡತಿ: ಗಾಡಿ ನೋಡೋಕೆ ಬನ್ನಿ ಅಂದಿದ್ದೆ. ಕ್ಲಿಪ್ಪು ಕೊಡ್ತೀನಿ ಅಂದಿದ್ನಾ?

ಗಂಡ: (ಮೆಲ್ಲಗೆ) ಆದ್ರೆ ಲೇ, ಮಾತು ಅಂದ್ರೆ ಮಾತು. ಡಾಕ್ಟರು ಬರೋದರೊಳಗೆ ಅಂತ...

ಹೆಂಡತಿ: ಡಾಕ್ಟರು ಇನ್ನೂ ಗ್ಯಾರೇಜಲ್ಲೇ ನಿಂತಿದ್ದಾರೆ. ಮನೆಯೊಳಗೆ ಬಂದು ಒಂದು ಲೋಟ ಕಾಫಿ ಕುಡಿಯೋವರೆಗೂ ಅವರು ಬಂದ ಲೆಕ್ಕ ಅಲ್ಲ. ಏನು ಡಾಕ್ಟ್ರೇ?

ಡಾಕ್ಟರು: (ನಗುತ್ತಾ ಟಾರ್ಚು ಜೇಬಿಗೆ ಸೇರಿಸಿ) ಕೀಳೋದು ನನ್ನ ಕಸುಬು ಅಂದ್ಕೊಂಡಿದ್ದೆ. ನೀವು ನನಗಿಂತ ಚೆನ್ನಾಗಿ ಕೀಳ್ತೀರಿ! ಕಾಫಿ ಇನ್ನೊಂದು ದಿನ.

ಡಾಕ್ಟರು ಗೇಟು ದಾಟಿದರು. ಹೆಂಡತಿ ಕಾರಿನೊಳಗೆ ಕೂತು, ಗುಂಡಿ ಎಳೆದು, ಕೆಂಪು ಕ್ಲಿಪ್ಪನ್ನು ತಾನೇ ಸಿಕ್ಕಿಸಿದಳು. ಗಂಡನ ಕಣ್ಣು ತುಂಬಿ ಬಂದಿತ್ತು.

ಗಂಡ: ಲೇ, ಒಂದು ಮಾತು ಹೇಳ್ಲಾ...

ಹೆಂಡತಿ: ಏನೂ ಬೇಡ. ಬಾಯಿ ಮುಚ್ಚಿದ್ರೆ ತಾನೆ ಗಾಡಿ ಸ್ಟಾರ್ಟ್ ಆಗೋದು?