‘ಪರವಾಗಿಲ್ಲ’ ಎಂದರೆ ಏಳು ಎಂದು ಓದತಕ್ಕದ್ದು

ಬೆನ್ನುಮೂಳೆ ಚಿಕಿತ್ಸೆಗಳ ಪೂರ್ವಾನುಮೋದನಾ ವಿಭಾಗ
ಉತ್ತರ ಮಿನೆಸೋಟ

ಸುತ್ತೋಲೆ ಸಂಖ್ಯೆ: ಬೆಮೂ/ನೋವು/ಪಇ/14
ದಿನಾಂಕ: ಫೆಬ್ರವರಿ 20, ಮಂಗಳವಾರ

ವಿಷಯ: ಕುಸಿದ ಬೆನ್ನುಮೂಳೆಗೆ ಸೂಜಿಯ ಮೂಲಕ ಸಿಮೆಂಟು ತುಂಬುವ ಚಿಕಿತ್ಸೆಗೆ ಅನುಮೋದನೆ ನೀಡುವಾಗ, ಈ ಭಾಗದ ಜನರ ಮಾತನ್ನು ನೋವಿನ ಅಂಕಗಳಿಗೆ ಪರಿವರ್ತಿಸುವ ಬಗ್ಗೆ.

ಉಲ್ಲೇಖ:
1. ನೋವಿನ ಅಂಕಪಟ್ಟಿ, ಸೊನ್ನೆಯಿಂದ ಹತ್ತರವರೆಗೆ, ನಗುಮುಖ ಹಾಗೂ ಅಳುಮುಖದ ಚಿತ್ರಗಳ ಸಹಿತ.
2. ಶ್ರೀಮತಿ ಆರ್ಡಿಸ್ ಟಾಲೆಫ್ಸನ್, ವಯಸ್ಸು 78, ಇವರ ಕಡತ (ಎರಡು ಬಾರಿ ಮುಚ್ಚಲಾಗಿದೆ).
3. ಸದರಿಯವರ ಪತಿ ಶ್ರೀ ಲೈಲ್ ಟಾಲೆಫ್ಸನ್ ಅವರು ಟೋಪಿ ಕೈಯಲ್ಲಿ ಹಿಡಿದು ಕೌಂಟರಿನ ಮುಂದೆ ನೀಡಿದ ಹೇಳಿಕೆ.

ಪೀಠಿಕೆ:

ಜನವರಿ ತಿಂಗಳ ಎರಡನೆಯ ಭಾನುವಾರ ಶ್ರೀಮತಿ ಟಾಲೆಫ್ಸನ್ ಅವರು ಚರ್ಚಿನ ನೆಲಮಾಳಿಗೆಯಲ್ಲಿ ಅರವತ್ತು ಕಪ್ಪಿನ ಕಾಫಿ ಪಾತ್ರೆಯನ್ನು ಯಾರನ್ನೂ ಕರೆಯದೆ ಒಬ್ಬರೇ ಎತ್ತಿರುತ್ತಾರೆ. ಬೆನ್ನಿನ ಒಂದು ಮೂಳೆ ಅಲ್ಲಿಯೇ ಒತ್ತಿಕೊಂಡು ಕುಸಿದಿರುತ್ತದೆ. ಆ ನಂತರ ಅವರು ಎಲ್ಲರಿಗೂ ಕಾಫಿ ಕೊಟ್ಟು, ಪಾತ್ರೆ ತೊಳೆದು, ಒರೆಸಿಟ್ಟು ಮನೆಗೆ ಹೋಗಿರುವುದು ದಾಖಲೆಗಳಿಂದ ಕಂಡುಬಂದಿದೆ. ಅಂದಿನಿಂದ ಐದು ವಾರ ಅವರಿಗೆ ಬೆನ್ನು ಚಾಚಿ ಮಲಗಲು ಆಗಿಲ್ಲ. ಒರಗುಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದಾರೆ.

ಡಾ. ಕೆಟೋಲಾ ಅವರ ವರದಿಯಂತೆ ಚಿಕಿತ್ಸೆ ಸಣ್ಣದು. ಎಕ್ಸ್-ರೇಯಲ್ಲಿ ನೋಡುತ್ತಾ ಸೂಜಿ ಇಳಿಸುವುದು, ಪುಟ್ಟ ಬಲೂನು ಉಬ್ಬಿಸಿ ಕುಸಿದ ಮೂಳೆಯನ್ನು ಎತ್ತುವುದು, ಆದ ಜಾಗಕ್ಕೆ ಮೂಳೆ ಸಿಮೆಂಟು ತುಂಬುವುದು, ಮೇಲೊಂದು ಪಟ್ಟಿ ಅಂಟಿಸಿ ಅದೇ ದಿನ ಮನೆಗೆ ಕಳಿಸುವುದು. ಆದರೆ ಮುರಿತ ಹಸಿಯಾಗಿರುವಾಗಲೇ ಮಾಡಬೇಕು. ಮೂಳೆ ಬಾಗಿದಂತೆಯೇ ಕೂಡಿಕೊಂಡರೆ ಬೆನ್ನೂ ಬಾಗಿಯೇ ಉಳಿಯುತ್ತದೆ ಎಂದು ಅವರು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಇದೇ 22ರ ಗುರುವಾರ ಬಿಟ್ಟರೆ ಮುಂದಿನ ಸರದಿ ಏಪ್ರಿಲ್‌ನಲ್ಲಿ.

ಅನುಮೋದನೆಗೆ ಬೇಕಾದ ನೋವು ಕನಿಷ್ಠ ಏಳು ಅಂಕ. ಶ್ರೀಮತಿ ಟಾಲೆಫ್ಸನ್ ಅವರಿಗೆ ಬಂದಿರುವುದು ಎರಡು.

ಸದರಿ ಅಂಕವನ್ನು ನಮ್ಮ ಸಿಬ್ಬಂದಿ ಕುಮಾರಿ ಕಾರ್ಲಾ ಡೆಲೂಕಾ ಅವರು ಯಥಾವತ್ತಾಗಿ ದಾಖಲಿಸಿದ್ದಾರೆ. ನೋವು ಎಷ್ಟಿದೆ ಎಂಬ ಪ್ರಶ್ನೆಗೆ ರೋಗಿಯು ನೀಡಿದ ಉತ್ತರ: “ಏನಿಲ್ಲಮ್ಮ, ಪರವಾಗಿಲ್ಲ. ನಿನ್ನ ಕೈ ಎಷ್ಟು ತಣ್ಣಗಿದೆ, ಕಾಫಿ ಕುಡಿದ್ಯಾ?” ಕುಮಾರಿ ಡೆಲೂಕಾ ಅವರು ನ್ಯೂ ಜೆರ್ಸಿಯಿಂದ ಬಂದವರಾದ್ದರಿಂದ ಜನ ಹೇಳಿದ್ದನ್ನು ನಂಬುತ್ತಾರೆ. ಹೀಗಾಗಿ ಕಡತವನ್ನು ಮೊದಲ ಬಾರಿಗೆ ಮುಚ್ಚಲಾಯಿತು.

ಇಂತಹ ಪ್ರಕರಣಗಳು ಮರುಕಳಿಸದಂತೆ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡ ಸೂಚನೆಗಳನ್ನು ನೀಡಲಾಗಿದೆ.

1. ಪರಿವರ್ತನಾ ಪಟ್ಟಿ:
(ಅ) “ಪರವಾಗಿಲ್ಲ” — ಏಳು.
(ಆ) “ಸ್ವಲ್ಪ ಹಿಡ್ಕೊಂಡಂಗಿದೆ ಅಷ್ಟೆ” — ಎಂಟು.
(ಇ) “ಇದಕ್ಕಿಂತ ಕಷ್ಟಪಡೋರು ಎಷ್ಟು ಜನ ಇಲ್ಲ” — ಒಂಬತ್ತು.
(ಈ) ನೋವಿನ ಬಗ್ಗೆ ಕೇಳಿದಾಗ ಕೆರೆಯ ಮೇಲಿನ ಮಂಜುಗಡ್ಡೆ ಈ ವರ್ಷ ಎಷ್ಟು ದಪ್ಪವಿದೆ ಎಂದು ಹೇಳಲಾರಂಭಿಸಿದರೆ — ಹತ್ತು.
(ಉ) ರೋಗಿಯು “ನೋಯುತ್ತಿದೆ” ಎಂದೇ ಬಾಯಿಬಿಟ್ಟು ಹೇಳಿದಲ್ಲಿ ಅಂಕ ನೀಡುತ್ತಾ ಕೂರದೆ ಆಂಬುಲೆನ್ಸ್ ಕರೆಯತಕ್ಕದ್ದು. ಜೊತೆಗೆ ಪಾದ್ರಿಯವರಿಗೂ ತಿಳಿಸುವುದು ಒಳ್ಳೆಯದು.

2. ಮಾತಿಲ್ಲದ ಲಕ್ಷಣಗಳು: ಈ ಭಾಗದಲ್ಲಿ ಹೊರಡುವವರು ಎರಡೂ ಮೊಣಕಾಲಿಗೆ ಅಂಗೈ ಬಡಿದು “ಸರಿ ಹಾಗಾದ್ರೆ” ಎಂದು ಏಳುವುದು ವಾಡಿಕೆ. ಬಡಿದ ನಂತರವೂ ಏಳದವರ ಬೆನ್ನನ್ನು ಕೂಡಲೇ ಪರೀಕ್ಷಿಸತಕ್ಕದ್ದು. ಬಾಗಿಲ ಬಳಿ ನಿಂತು ಮಾತನಾಡುವ ಅವಧಿ ಸಾಮಾನ್ಯವಾಗಿ ನಲವತ್ತು ನಿಮಿಷ. ಅದು ಐದು ನಿಮಿಷಕ್ಕಿಂತ ಕಡಿಮೆಯಾದರೆ ತುರ್ತು ಪ್ರಕರಣವೆಂದು ಪರಿಗಣಿಸತಕ್ಕದ್ದು. ಶ್ರೀಮತಿ ಟಾಲೆಫ್ಸನ್ ಅವರು ನಮ್ಮ ಕಚೇರಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಂತೇ ಇದ್ದು, ತಮ್ಮ ಕುರ್ಚಿಯನ್ನು ಕಾಲು ಉಳುಕಿದ್ದ ಒಬ್ಬ ಗಟ್ಟಿಮುಟ್ಟಾದ ಮನುಷ್ಯನಿಗೆ ಬಿಟ್ಟುಕೊಟ್ಟಿದ್ದನ್ನು ನಾವೆಲ್ಲರೂ ನೋಡಿದ್ದೇವೆ. ನೋಡಿಯೂ ಎರಡು ಅಂಕ ಕೊಟ್ಟಿದ್ದೇವೆ.

3. ಸಿಮೆಂಟಿನ ಬಗ್ಗೆ ಸ್ಪಷ್ಟೀಕರಣ: ಶ್ರೀ ಲೈಲ್ ಟಾಲೆಫ್ಸನ್ ಅವರು ಮೂವತ್ತೆಂಟು ವರ್ಷ ರಸ್ತೆ, ಸೇತುವೆಗಳಿಗೆ ಕಾಂಕ್ರೀಟು ಹಾಕಿದವರು. ಚಳಿಗೆ ಸಿಮೆಂಟು ಸರಿಯಾಗಿ ಗಟ್ಟಿಯಾಗದ ಕಾರಣ ಫೆಬ್ರವರಿಯಲ್ಲಿ ತಾವು ಯಾವತ್ತೂ ಈ ಕೆಲಸ ಹಿಡಿಯುತ್ತಿರಲಿಲ್ಲವೆಂದು ಅವರು ಆಕ್ಷೇಪಿಸಿದ್ದಾರೆ. ತತ್ಸಂಬಂಧ ತಿಳಿಸುವುದೇನೆಂದರೆ:
(ಅ) ಸದರಿ ಸಿಮೆಂಟಿನಲ್ಲಿ ಮರಳು, ಜಲ್ಲಿ ಇರುವುದಿಲ್ಲ. ಬೇಕಾಗುವುದು ಒಂದೆರಡು ಚಮಚದಷ್ಟು ಮಾತ್ರ.
(ಆ) ಅದು ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿಯಾಗುವುದರಿಂದ ಇಪ್ಪತ್ತೆಂಟು ದಿನ ನೀರು ಹೊಡೆಯುವ ಅಗತ್ಯವಿಲ್ಲ.
(ಇ) ಹೊರಗೆ ಎಷ್ಟೇ ಚಳಿಯಿದ್ದರೂ ಶ್ರೀಮತಿಯವರ ಒಳಗೆ ಬೆಚ್ಚಗೇ ಇರುತ್ತದೆ. ಆದಾಗ್ಯೂ ಶ್ರೀಯುತರು ತಂದುಕೊಟ್ಟಿರುವ, ಕಾಂಕ್ರೀಟಿಗೆ ಹೊದಿಸುವ ದಪ್ಪ ಹೊದಿಕೆಯನ್ನು ಸ್ವೀಕರಿಸಿ ರಸೀದಿ ನೀಡಲಾಗಿದೆ.
(ಈ) ಹಸಿ ಸಿಮೆಂಟಿನ ಮೇಲೆ ಹೆಸರು ಮತ್ತು ಇಸವಿ ಗೀಚಲು ಯಾರಿಗೂ ಅವಕಾಶವಿರುವುದಿಲ್ಲ.

4. ನ್ಯೂ ಜೆರ್ಸಿಯವರಿಗೆ ಮೇಲಿನ ಪಟ್ಟಿ ಅನ್ವಯಿಸುವುದಿಲ್ಲ. ಅವರು ಹೇಳಿದ ಅಂಕದಿಂದ ನಾಲ್ಕನ್ನು ಕಳೆಯತಕ್ಕದ್ದು. ಈ ನಿಯಮವನ್ನು ಸ್ವತಃ ಕುಮಾರಿ ಡೆಲೂಕಾ ಅವರೇ ಸೂಚಿಸಿದ್ದಾರೆ.

5. “ಕೊನೆಯ” ಎಂಬ ಪದದ ನಿಷೇಧ: ಡಾ. ಕೆಟೋಲಾ ಅವರು ಕಡತವನ್ನು ಪುನಃ ತೆರೆಸಿದ ಮೇಲೆ ಕುಮಾರಿ ಡೆಲೂಕಾ ಅವರು ಫೋನ್ ಮಾಡಿ, ಗುರುವಾರದ ಕೊನೆಯ ಸರದಿ ನಿಮಗೇ ಎಂದು ಸಂತೋಷದಿಂದ ತಿಳಿಸಿದರು. ತಟ್ಟೆಯಲ್ಲಿ ಉಳಿದ ಕೊನೆಯ ಸಿಹಿತುಂಡನ್ನು ಈ ಊರಿನಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ಒಬ್ಬರು ಅರ್ಧ ಕತ್ತರಿಸುತ್ತಾರೆ, ಇನ್ನೊಬ್ಬರು ಆ ಅರ್ಧದಲ್ಲಿ ಅರ್ಧ. ಸಂಜೆಗೆ ತಟ್ಟೆಯಲ್ಲಿ ಪುಡಿಯಷ್ಟಾದರೂ ಉಳಿದೇ ಇರುತ್ತದೆ. ಬೆನ್ನುಮೂಳೆ ಚಿಕಿತ್ಸೆಯ ಸರದಿಯನ್ನು ಹೀಗೆ ಕತ್ತರಿಸಲು ಬರುವುದಿಲ್ಲ. ಶ್ರೀಮತಿಯವರ ಉತ್ತರ: “ಅಯ್ಯೋ, ಕೊನೇದಾ? ಬೇಡಮ್ಮ, ನಿಜವಾಗ್ಲೂ ನೋವಿರೋರಿಗೆ ಕೊಡು.” ರೋಗಿ ನಿರಾಕರಿಸಿದ್ದಾರೆ ಎಂದು ಬರೆದು ಕಡತವನ್ನು ಎರಡನೆಯ ಬಾರಿ ಮುಚ್ಚಲಾಯಿತು. ಇನ್ನು ಮುಂದೆ “ಒಂದು ಸರದಿ ಉಳಿದುಹೋಗಿದೆ, ನೀವು ಬಾರದಿದ್ದರೆ ವ್ಯರ್ಥವಾಗುತ್ತದೆ” ಎಂದೇ ಹೇಳತಕ್ಕದ್ದು. ಯಾವುದೂ ವ್ಯರ್ಥವಾಗುವುದನ್ನು ಈ ಜನ ಸಹಿಸುವುದಿಲ್ಲ.

6. ಮೂರು ಬಾರಿ ಕೇಳುವುದು: ಮೊದಲನೆಯ “ಬೇಡ” ನಮಸ್ಕಾರಕ್ಕೆ ಸಮ. ಎರಡನೆಯದು ಮರ್ಯಾದೆ. ಮೂರನೆಯ ಬಾರಿ ಕೇಳಿದಾಗ ಬರುವುದಷ್ಟೇ ಉತ್ತರ. ಕಾಫಿಗೆ ಪಾಲಿಸುತ್ತಿರುವ ಈ ಪದ್ಧತಿಯನ್ನು ಇನ್ನು ಮುಂದೆ ಶಸ್ತ್ರಚಿಕಿತ್ಸೆಗೂ ವಿಸ್ತರಿಸಿ ಆದೇಶಿಸಲಾಗಿದೆ. ಮೂರು ಬಾರಿ ಕೇಳದ ಯಾವ ಕಡತವನ್ನೂ ಮುಚ್ಚತಕ್ಕದ್ದಲ್ಲ.

7. ತಪ್ಪಿನ ಹೊಣೆ: ಎರಡೂ ಬಾರಿ ಕಡತ ಮುಚ್ಚುವಾಗ ಸಹಿ ಹಾಕಿದವರು ಈ ಕೆಳಗೆ ಸಹಿ ಮಾಡಿರುವವರೇ. ಇವರು ನ್ಯೂ ಜೆರ್ಸಿಯವರಲ್ಲ. ಇದೇ ಚರ್ಚಿನ ನೆಲಮಾಳಿಗೆಯಲ್ಲಿ ಶ್ರೀಮತಿ ಟಾಲೆಫ್ಸನ್ ಅವರ ಕೈಯ ಕಾಫಿ ಕುಡಿದು ಬೆಳೆದವರು. ನಿನ್ನೆ ಸೋಮವಾರ ಇವರು ಖುದ್ದಾಗಿ ಫೋನ್ ಮಾಡಿ ಎರಡನೆಯ ಬಾರಿ ಕೇಳಿರುತ್ತಾರೆ. “ಬೇಡಪ್ಪ, ನಿನಗ್ಯಾಕೆ ತೊಂದರೆ. ಅಮ್ಮ ಹೇಗಿದ್ದಾಳೆ?” ಎಂಬ ಉತ್ತರ ಬಂದಿದೆ. ಅಮ್ಮ ಚೆನ್ನಾಗಿದ್ದಾರೆಂದು ತಿಳಿಸಿ, ಮಂಜುಗಡ್ಡೆಯ ದಪ್ಪದ ಬಗ್ಗೆ ಇಪ್ಪತ್ತು ನಿಮಿಷ ಇಬ್ಬರೂ ಮಾತನಾಡಿ, ಮೂರನೆಯ ಬಾರಿ ಕೇಳಲು ಸಂಕೋಚವಾಗಿ ಫೋನ್ ಇಡಲಾಗಿದೆ. ಇದಕ್ಕಾಗಿ ಸಹಿದಾರರು ನಾಚಿಕೆಪಟ್ಟಿದ್ದಾರೆ.

8. ಇಂದು ಬೆಳಿಗ್ಗೆ ಶ್ರೀ ಲೈಲ್ ಟಾಲೆಫ್ಸನ್ ಅವರು ನೀಡಿದ ಹೇಳಿಕೆಯನ್ನು ಅವರ ಮಾತಿನಲ್ಲಿಯೇ ದಾಖಲಿಸಲಾಗಿದೆ: “ಐವತ್ಮೂರು ವರ್ಷದಲ್ಲಿ ಅವಳು ‘ಅಮ್ಮಾ’ ಅಂದಿದ್ದು ನಾನು ಕೇಳಿರ್ಲಿಲ್ಲ. ಹೋದ ವಾರ ಸಾಕ್ಸ್ ಹಾಕ್ಕೊಳ್ಳೋಕೆ ಬಗ್ಗಿದಾಗ ಅಂದ್ಲು. ಆಮೇಲೆ, ಹೆದರಿಸಿಬಿಟ್ಟೆ ಅಂತ ಬೆಕ್ಕಿನ ಹತ್ರ ಕ್ಷಮೆ ಕೇಳಿದ್ಲು.” ಇಷ್ಟು ಹೇಳಿ ಶ್ರೀಯುತರು ಕಿಟಕಿಯ ಕಡೆ ತಿರುಗಿ ನಿಂತರು. ಬಾಗಿಲ ಬಳಿ ಅವರು ಒಂದು ನಿಮಿಷವೂ ಮಾತನಾಡಲಿಲ್ಲ.

9. ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಶೀಲಿಸಿ ಶ್ರೀಮತಿ ಆರ್ಡಿಸ್ ಟಾಲೆಫ್ಸನ್ ಅವರ ನೋವನ್ನು ಹತ್ತು ಎಂದು ತಿದ್ದಲಾಗಿದೆ ಮತ್ತು ಚಿಕಿತ್ಸೆಗೆ ಅನುಮೋದನೆ ನೀಡಲಾಗಿದೆ. ಬಾಕಿ ಇರುವುದು ಅವರ ಒಪ್ಪಿಗೆ ಮಾತ್ರ.

(ಸಹಿ)
ವೆಂಡೆಲ್ ಎಂಗೆಬ್ರೆಟ್ಸನ್
ವಿಭಾಗಾಧಿಕಾರಿ

ಪ್ರತಿಗಳು:
1. ಡಾ. ಕೆಟೋಲಾ ಅವರಿಗೆ. ಗುರುವಾರ ಬೆಳಿಗ್ಗೆ ಸಿದ್ಧರಿರಲು ಕೋರಿದೆ. ಎಳೆದ ಎರಡು ಗೆರೆಗಳನ್ನು ಗಮನಿಸಲಾಗಿದೆ.
2. ಕುಮಾರಿ ಕಾರ್ಲಾ ಡೆಲೂಕಾ ಅವರಿಗೆ. ಪರಿವರ್ತನಾ ಪಟ್ಟಿಯನ್ನು ಫೋನಿನ ಪಕ್ಕದಲ್ಲಿ ಅಂಟಿಸಿಕೊಳ್ಳಲು.
3. ನೋವಿನ ಅಂಕಪಟ್ಟಿ ಮುದ್ರಿಸುವವರಿಗೆ. ಸೊನ್ನೆಯಿಂದ ಹತ್ತರವರೆಗೂ ಒಂದೇ ನಗುಮುಖವಿರುವ ಪ್ರತ್ಯೇಕ ಪಟ್ಟಿಯನ್ನು ಈ ಜಿಲ್ಲೆಗೆ ಸರಬರಾಜು ಮಾಡಲು.
4. ಶ್ರೀ ಲೈಲ್ ಟಾಲೆಫ್ಸನ್ ಅವರಿಗೆ. ಗುರುವಾರ ಬೆಳಿಗ್ಗೆ ಆರೂವರೆಗೆ ಗಾಡಿಯನ್ನು ಬೆಚ್ಚಗೆ ಮಾಡಿಟ್ಟಿರಲು.
5. ಶ್ರೀಮತಿ ಆರ್ಡಿಸ್ ಟಾಲೆಫ್ಸನ್ ಅವರಿಗೆ, ಮೂರನೆಯ ಬಾರಿ ಕೇಳಿದಂತೆ. ಗುರುವಾರದ ಸರದಿಯನ್ನು ಬೇರೆ ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ತಾವು ಬಾರದಿದ್ದಲ್ಲಿ ಅದು ವ್ಯರ್ಥವಾಗುತ್ತದೆ. ತಮಗೆ ನೋಯುತ್ತಿದೆ ಎಂಬುದು ನಮಗೆ ಗೊತ್ತು, ತಾವು ಹೇಳಬೇಕಾಗಿಲ್ಲ. ದಯವಿಟ್ಟು ಬನ್ನಿ.