ಟವಲಿನ ಕೆಳಗಿನ ಮಹಾಚುನಾವಣೆ

ಆಗಿಹೋದದ್ದರ ಬಗ್ಗೆ ಚಿಂತಿಸಬಾರದು ಎಂದು ತಿಳಿದವರೆಲ್ಲ ಹೇಳುತ್ತಾರೆ. ಅವರ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ. ಆಗಿಹೋದದ್ದರ ಬಗ್ಗೆ ನನಗೆ ಎಳ್ಳಷ್ಟೂ ಚಿಂತೆಯಿಲ್ಲ. ನನ್ನ ತಲೆ ತಿನ್ನುವುದು ಆಗದೇ ಹೋದದ್ದು. ಆ ಚುನಾವಣೆಯಲ್ಲಿ ಸೋತವರು ಗೆದ್ದಿದ್ದರೆ? ಒಂದೇ ಒಂದು ಮತ ಕಡಿಮೆಯಾಗಿ ಬಿದ್ದ ಸರ್ಕಾರಕ್ಕೆ ಆ ಒಂದು ಮತ ಎಲ್ಲಿಂದಲೋ ಸಿಕ್ಕಿಬಿಟ್ಟಿದ್ದರೆ? ತುರ್ತು ಪರಿಸ್ಥಿತಿ ಬಾರದೇ ಇದ್ದಿದ್ದರೆ? ಪ್ರಧಾನಿಯಾಗಲು ಹೊಸ ಜುಬ್ಬ ಹೊಲಿಸಿಕೊಂಡು ಕೂತವರನ್ನು ಬಿಟ್ಟು ಮೂಲೆಯಲ್ಲಿದ್ದವರನ್ನು ಕರೆದು ಕೂರಿಸುತ್ತಾರಲ್ಲ, ಹಾಗೆ ಮಾಡದೇ ಇದ್ದಿದ್ದರೆ? ಹಲ್ಲುಜ್ಜುವಾಗ ಇಂಥ ಒಂದು ಪ್ರಶ್ನೆ ಹೊಕ್ಕರೆ ಮುಗಿಯಿತು, ಬ್ರಷ್ಷು ಬಾಯಲ್ಲೇ ಇರುತ್ತದೆ, ನಾನು ದೆಹಲಿಯಲ್ಲಿರುತ್ತೇನೆ. ನನ್ನ ಹೆಂಡತಿ ವನಜ ಬಚ್ಚಲಿನ ಬಾಗಿಲು ಬಡಿದು, "ರೀ, ದೇಶ ಆಳಿದ್ದು ಸಾಕು, ಈಚೆಗೆ ಬನ್ನಿ. ನಲ್ಲೀಲಿ ನೀರು ನಿಂತೋಗತ್ತೆ" ಎಂದು ಕೂಗುತ್ತಾಳೆ. ಮುಳಬಾಗಿಲಿನ ನಲ್ಲಿ ನೀರು ನನ್ನ ಸರ್ಕಾರಗಳು ಬೀಳುವುದಕ್ಕಿಂತ ಬೇಗ ನಿಲ್ಲುತ್ತದೆ.

ಈ ಚಟ ಹತ್ತಿದ್ದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ನಾನು ಹುತ್ತೂರಿನಲ್ಲಿ ರೇಷ್ಮೆ ಇಲಾಖೆಯ ಗುಮಾಸ್ತ. ಹಿಪ್ಪುನೇರಳೆ ಕಡ್ಡಿಯ ಬಗ್ಗೆ, ಹುಳುವಿಗೆ ಬರುವ ರೋಗದ ಬಗ್ಗೆ ಕಾಗದ ಬರೆಯುವುದು ನನ್ನ ಕೆಲಸ. ಆದರೆ ಚುನಾವಣೆ ಬಂತೆಂದರೆ ನಮ್ಮನ್ನೆಲ್ಲ ಮತಗಟ್ಟೆಗೆ ಕಳಿಸುತ್ತಾರೆ, ಪ್ರತಿ ಸಲವೂ ನನಗೆ ಬೀಳುವುದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ರಾಗಿ ಕಳೆ ಕಿತ್ತು ಒರಟಾದ ಬೆರಳು, ಟೊಮೇಟೊ ಬಿಡಿಸಿ ಹಸಿರುಗಟ್ಟಿದ ಬೆರಳು, ಮದರಂಗಿ ಹಚ್ಚಿದ ಬೆರಳು, ಎಲ್ಲವನ್ನೂ ನಾನು ಹಿಡಿದು ನೋಡಿದ್ದೇನೆ. ಅದೇ ಬೆರಳು ನಾಲ್ಕು ಹೆಜ್ಜೆ ಆಚೆ ಹೋಗಿ ರಟ್ಟಿನ ಮರೆಯಲ್ಲಿ ಯಾವ ಗುಂಡಿ ಒತ್ತುತ್ತದೆ ಎನ್ನುವುದು ಮಾತ್ರ ನನಗೆ ಯಾವತ್ತೂ ತಿಳಿದಿಲ್ಲ. ದೇಶದ ಭವಿಷ್ಯವನ್ನು ಕೈಯಲ್ಲಿ ಹಿಡಿದುಕೊಂಡು, ಅದು ಯಾವ ಕಡೆ ಹೋಗುತ್ತದೋ ತಿಳಿಯದೆ ಸಂಜೆಯವರೆಗೂ ಕೂರುವವನಿಗೆ ತಲೆ ಕೆಡದೆ ಇನ್ನೇನಾದೀತು?

ಈ ವಿಷಯದಲ್ಲಿ ನನ್ನ ಜೊತೆಗಾರ ಖಲೀಲ್. ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಬಸ್‌ಸ್ಟ್ಯಾಂಡಿನ ಹಿಂದೆ ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದಾನೆ. ಸಂಜೆ ನಾನು ಅಲ್ಲಿಗೆ ಹೋಗಿ ಕೂತರೆ ಅರ್ಧ ಲೋಟ ಟೀ ಮುಗಿಯುವುದರೊಳಗೆ ದೇಶದ ಚರಿತ್ರೆ ತಿರುವುಮುರುವಾಗಿರುತ್ತದೆ. ಖಲೀಲನ ಸಿದ್ಧಾಂತ ಒಂದೇ: ಮೊಟ್ಟಮೊದಲ ಪ್ರಧಾನಿ ನಮ್ಮ ಕೋಲಾರದ ಕಡೆಯವರಾಗಬೇಕಿತ್ತು. "ಅರೆ ಯಾರ್, ಯೋಚ್ನೆ ಮಾಡ್ಲಾ" ಎಂದು ಮೆಷಿನ್ ತುಳಿಯುತ್ತಲೇ ಹೇಳುತ್ತಾನೆ, "ಚಿನ್ನದ ಗಣಿ ಮುಚ್ತಿತ್ತಾ? ನದಿ ಇಲ್ಲ ಅಂತ ನಾವು ಬೋರ್‌ವೆಲ್ ಲಾರಿ ಹಿಂದೆ ಓಡ್ತಿದ್ವಾ? ಗಂಗೆನೇ ಈ ಕಡೆ ತಿರುಗಿಸಿರೋರು. ಫಾರಿನ್ನಿಂದ ಬಂದ ದೊಡ್ಡದೊಡ್ಡೋರು ನೆಲದ ಮೇಲೆ ಕೂತು ರಾಗಿ ಮುದ್ದೆ ಅಗೀದೆ ನುಂಗೋದು ಕಲ್ತು, ಆಮೇಲೆ ಒಪ್ಪಂದಕ್ಕೆ ಸೈನ್ ಹಾಕಿರೋರು." ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡು ಯುದ್ಧವೇ ಆಗಿಬಿಟ್ಟಿದ್ದರೆ ಎಂದು ನಾನು ಕೇಳಿದೆ. ಖಲೀಲ್ ಮೆಷಿನ್ ನಿಲ್ಲಿಸಿ ಬಹಳ ಹೊತ್ತು ಯೋಚಿಸಿದ. ಸಾರು ಸ್ವಲ್ಪ ಜಾಸ್ತಿ ಹಾಕಿಸಿದರಾಯಿತು ಎಂದು ಅಂತೂ ವಿದೇಶಾಂಗ ನೀತಿಯನ್ನು ತಿದ್ದಿಕೊಂಡ.

ಹೀಗೆ ದೇಶದ ಮಟ್ಟದಲ್ಲಿ ಸುಖವಾಗಿ ನಡೆಯುತ್ತಿದ್ದ ನನ್ನ ಚಟ ಮನೆಯೊಳಗೆ ಕಾಲಿಟ್ಟದ್ದು ಹೋದ ಮಾವಿನ ಕಾಲದಲ್ಲಿ, ನಮ್ಮ ಮಾವನವರಿಂದ. ಅವರದು ರಾಯಲ್ಪಾಡಿನ ಹತ್ತಿರ ಮಾವಿನ ತೋಟ. ಆಂಧ್ರದ ಗಡಿ ಅವರ ತೋಟದ ಬೇಲಿಗೆ ತಾಗಿಕೊಂಡಂತಿದೆ, ಹಾಗಾಗಿ ಅವರ ಮಾತು ಕೋಪಕ್ಕೆ ತೆಲುಗಿನಲ್ಲೂ ಲೋಕಾಭಿರಾಮಕ್ಕೆ ಕನ್ನಡದಲ್ಲೂ ಬರುತ್ತದೆ. ಜೀವಮಾನವೆಲ್ಲ ಶ್ರೀನಿವಾಸಪುರದ ಮಂಡಿಗೆ ಹಣ್ಣು ಹಾಕಿದವರು. ಅಲ್ಲಿನ ಹಳೆಯ ವ್ಯಾಪಾರ ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು ಕೈ ಕೈ ಹಿಡಿದು, ಮೇಲೆ ಒಂದು ಟವಲು ಹೊದಿಸಿಕೊಳ್ಳುತ್ತಾರೆ. ಬೆಲೆಯೆಲ್ಲ ಟವಲಿನ ಕೆಳಗೆ ಬೆರಳು ಅಮುಕುವುದರಲ್ಲೇ ತೀರ್ಮಾನವಾಗುತ್ತದೆ. ಬಾಯಲ್ಲಿ ಮಾತ್ರ ಮಳೆ, ಮಗಳ ಬಾಣಂತನ, ಮಂಡಿನೋವು. ಸುತ್ತ ನಿಂತವರಿಗೆ ಒಂದಕ್ಷರ ತಿಳಿಯುವುದಿಲ್ಲ.

ಆ ದಿನ ಮಾವ ಒಂದು ಕ್ರೇಟು ಬಾದಾಮಿ ಮಾವು ತಂದಿದ್ದರು. ಊಟವಾದ ಮೇಲೆ ನಾನು ಎಂದಿನಂತೆ ಗುಪ್ತ ಮತದಾನದ ಬಗ್ಗೆ ಭಾಷಣ ಶುರು ಮಾಡಿದೆ. ಚುನಾವಣೆಯಲ್ಲಿ ಗುಟ್ಟು ಎನ್ನುವುದೇ ಇಲ್ಲದೆ, ಎಲ್ಲರೂ ಬಯಲಲ್ಲಿ ಕೈಯೆತ್ತಿ ಓಟು ಹಾಕುವ ಪದ್ಧತಿ ಬಂದುಬಿಟ್ಟಿದ್ದರೆ ನಮ್ಮ ನಾಯಕರ ಪಟ್ಟಿಯೇ ಬೇರೆಯಾಗುತ್ತಿತ್ತು ಎಂದೆ. ಮಾವ ಓಟೆ ಚೀಪುತ್ತಾ, "ಅದಿ ಮನ ಇಂಟ್ಲೋ ಎಪ್ಪುಡೋ ಅಯಿಂದಿ" ಎಂದವರು, ಅಳಿಯ ಕನ್ನಡದವನೆಂದು ನೆನಪಾಗಿ, "ನಮ್ಮನೇಲಿ ಆ ಗುಟ್ಟಿನ ಓಟು ಯಾವಾಗ್ಲೋ ಆಗೋಗಿದೆ ಅಳಿಯಾ. ನಿಮ್ಮನ್ನ ಆರಿಸಿದ್ದೇ ಹಂಗೆ" ಎಂದರು.

ನನ್ನ ಕೈಯಲ್ಲಿದ್ದ ಹೋಳು ಕೈಯಲ್ಲೇ ಉಳಿಯಿತು. ಮಾವ ಸಮಾಧಾನವಾಗಿ ಹೇಳಿದ ಕಥೆ ಇದು. ವನಜನಿಗೆ ಮೂರು ಗಂಡುಗಳು ಬಂದಿದ್ದವಂತೆ. ಮಾಲೂರಿನ ಹೆಂಚಿನ ಕಾರ್ಖಾನೆಯವರ ಮಗ ಒಬ್ಬ, ಕೋಲಾರದಲ್ಲಿ ಔಷಧಿ ಅಂಗಡಿಯವನೊಬ್ಬ, ಮುಳಬಾಗಿಲಿನ ನಾನೊಬ್ಬ. ಮನೆಯಲ್ಲಿ ಯಾರೂ ಬಾಯಿ ಬಿಡಲೊಲ್ಲರು. ಏಕೆಂದರೆ ಆಗ ಇದ್ದ ಅಜ್ಜಿಯ ನಾಲಗೆಗೆ ಇಡೀ ಊರೇ ಹೆದರುತ್ತಿತ್ತು, ಆಕೆ ಮಾಲೂರಿನ ಹುಡುಗನ ಕಡೆ. ಬೇಸತ್ತ ಮಾವ ಜಗಲಿಯ ಮೇಲೆ ಕೂತು, ಹೆಗಲ ಮೇಲಿದ್ದ ಟವಲನ್ನು ಕೈಗೆ ಹೊದಿಸಿಕೊಂಡು, ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದರಂತೆ. ಒಂದೊಂದು ಬೆರಳಿಗೆ ಒಬ್ಬೊಬ್ಬ ಹುಡುಗ, ಬೇಕಾದ ಬೆರಳನ್ನು ಅಮುಕಿ ಹೋಗಬೇಕು.

"ನಾನು ಯಾವ ಬೆರಳು ಮಾವ?" ಎಂದು ಕೇಳಿದೆ. ಕೇಳಬಾರದಿತ್ತು.

"ಕಿರುಬೆರಳು" ಎಂದರು. "ಮಾಲೂರ್ನೋರು ಹೆಬ್ಬೆಟ್ಟು. ಹುಡುಗ ಅಷ್ಟು ಗಟ್ಟಿಮುಟ್ಟಾಗಿದ್ದ."

ಅಂತೂ ಬಹಳ ಬಿಗಿಯಾದ ಸ್ಪರ್ಧೆಯಲ್ಲಿ ಕಿರುಬೆರಳೇ ಗೆದ್ದಿತಂತೆ. ನನಗೆ ಮೊದಲು ಹೆಮ್ಮೆಯಾಯಿತು, ಆಮೇಲೆ ಒಂದು ಅನುಮಾನ ಬಂತು. ವನಜನೂ ಓಟು ಹಾಕಿದಳೇ? ಹಾಕಿದಳು, ಎಲ್ಲರಿಗಿಂತ ಕೊನೆಯಲ್ಲಿ, ಎಂದರು ಮಾವ. ಯಾವ ಬೆರಳಿಗೆ? ಮಾವ ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು. "ಟವಲ್ ಕೆಳಗೆ ಆಗಿದ್ದನ್ನ ನಾನ್ ಈಚೆಗೆ ಹೇಳಿದ್ರೆ ನಾಳೆ ಮಂಡೀಲಿ ನನ್ ಕೈ ಯಾರ್ ಹಿಡೀತಾರಯ್ಯಾ? ತಪ್ಪು ಕದಾ, ತಪ್ಪಲ್ವಾ?" ಎಂದು ಬೈದು, ಟವಲು ಕೊಡವಿಕೊಂಡು ಮಲಗಲು ಹೋದರು.

ಅವತ್ತಿನಿಂದ ನನಗೆ ದೇಶ ಬೇಡವಾಯಿತು. ಮಾಲೂರಿನವನು ಗೆದ್ದಿದ್ದರೆ ಎಂಬ ಒಂದೇ ಪ್ರಶ್ನೆ. ಆಗ ವನಜ ಮೂರು ಅಂತಸ್ತಿನ ಮನೆಯ ಮೇಲೆ ನಿಂತು ಸಂಡಿಗೆ ಒಣಗಿಸುತ್ತಿದ್ದಳು. ಔಷಧಿ ಅಂಗಡಿಯವನು ಗೆದ್ದಿದ್ದರೆ ನೆಗಡಿಗೂ ದುಬಾರಿ ಮಾತ್ರೆ ನುಂಗುತ್ತಿದ್ದಳು. ಮತ್ತೆ ನಾನು? ನನ್ನ ಪರ್ಯಾಯ ಚರಿತ್ರೆಯಲ್ಲಿ ನಾನು ಏನಾಗುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ, ಎಲ್ಲ ದಾರಿಗಳೂ ಹುತ್ತೂರಿನ ಅದೇ ಮೇಜಿಗೇ ಬಂದು ನಿಲ್ಲುತ್ತಿದ್ದವು. ನಾಚಿಕೆ ಬಿಟ್ಟು ಹೇಳುವುದಾದರೆ, ಆಕೆಯ ಓಟು ನನಗೇ ಬಿದ್ದಿತ್ತು ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು, ನಾನು ಹಾಯಾಗಿ ನಿದ್ದೆ ಮಾಡುತ್ತಿದ್ದೆ. ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಈ ಆಸೆಯೇನು ಎಂದು ನೀವು ನಗಬಹುದು. ಬಾಳುವುದು ಬೇರೆ, ಬೇಕೆಂದು ಆರಿಸಿಕೊಳ್ಳುವುದು ಬೇರೆ.

ಖಲೀಲನಿಗೆ ಹೇಳಿದೆ. ಅವನು ಸೂಜಿಗೆ ದಾರ ಪೋಣಿಸುತ್ತಾ, "ಎಕ್ಸಿಟ್ ಪೋಲ್ ಮಾಡ್ಲಾ. ಓಟ್ ಹಾಕಿದೋರನ್ನೆಲ್ಲ ಒಬ್ಬೊಬ್ರನ್ನೇ ಕೇಳು. ಲೆಕ್ಕ ಕಳೆದ್ರೆ ಭಾಬಿ ಓಟು ತಾನಾಗೇ ಈಚೆಗೆ ಬರತ್ತೆ" ಎಂದ. ಬುದ್ಧಿವಂತ ಉಪಾಯವೇ. ಮುಂದಿನ ಭಾನುವಾರ ಹಣ್ಣು ತರುವ ನೆಪದಲ್ಲಿ ರಾಯಲ್ಪಾಡಿಗೆ ಹೋದೆ. ಅತ್ತೆಯನ್ನು ಕೇಳಿದೆ. ನಿಮಗೇ ಹಾಕಿದ್ದಪ್ಪಾ, ಎಂದರು. ಭಾವಮೈದ, "ಅದ್ಕೇನ್ ಕೇಳ್ತೀರಾ ಭಾವ, ನಿಮಗೇ" ಎಂದ. ಚಿಕ್ಕಮಾವ, ಸೋದರತ್ತೆ ಎಲ್ಲರೂ ನನಗೇ ಹಾಕಿದ್ದಾರೆ. ಅಜ್ಜಿ ಬದುಕಿದ್ದರೆ ಆಕೆಯೂ ಹಾಗೇ ಹೇಳುತ್ತಿದ್ದರು. ಬಿಗಿಯಾದ ಸ್ಪರ್ಧೆ ಎಲ್ಲಿ ಹೋಯಿತು? ಗೆದ್ದವನು ಎದುರು ಬಂದು ನಿಂತು ಕೇಳಿದರೆ ಸೋತವನಿಗೆ ಹಾಕಿದೆ ಎನ್ನುವ ಮತದಾರ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಇದು ಶಾಯಿ ಹಚ್ಚುವವನಿಗೆ ಮೊದಲೇ ತಿಳಿದಿರಬೇಕಿತ್ತು. ಒಂದು ಚೀಲ ಹಣ್ಣು ಹೊತ್ತುಕೊಂಡು ಬಸ್ಸು ಹತ್ತಿ ವಾಪಸು ಬಂದೆ.

ಮನೆಯಲ್ಲಿ ವನಜ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಅವಳಿಗೆ ಆಗಲೇ ರಾಯಲ್ಪಾಡಿನಿಂದ ಫೋನು ಬಂದಿತ್ತು. ತಲೆಯೆತ್ತದೆಯೇ, "ಊರೆಲ್ಲ ಕೇಳ್ಕೊಂಡ್ ಬಂದ್ರಂತೆ. ನನ್ನನ್ನೇ ಕೇಳಬಾರದಿತ್ತಾ?" ಎಂದಳು.

"ಕೇಳಿದ್ರೆ ಹೇಳ್ತಿದ್ಯಾ?"

"ಹೇಳ್ತಿದ್ದೆ. ಅದು ಅಪ್ಪನ ಮಂಡಿ ರೂಲ್ಸು, ನಂದಲ್ಲ." ಈಳಿಗೆಮಣೆ ಪಕ್ಕಕ್ಕೆ ಸರಿಸಿ ನನ್ನ ಕೈಯನ್ನು ಎಳೆದುಕೊಂಡಳು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು, ಹೆಬ್ಬೆಟ್ಟನ್ನೂ ಬಿಡಲಿಲ್ಲ, ಕಿರುಬೆರಳನ್ನೂ ಬಿಡಲಿಲ್ಲ. ಮುಷ್ಟಿ ಕಟ್ಟಿಸಿ, ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟು, "ಅಪ್ಪನ ಕೈನ ಹಿಂಗ್ ಮಾಡಿ ನನ್ ಕೈ ಈಚೆಗೆ ತಗೊಂಡೆ" ಎಂದಳು.

"ಅಂದ್ರೆ?"

"ಯಾರೂ ಬೇಡ ಅಂತ. ಬಿ.ಎ. ಕೊನೇ ವರ್ಷ ಕಣ್ರೀ ನಂದು. ಪರೀಕ್ಷೆ ಬರೆದು, ಆಮೇಲೆ ಕೆ.ಎ.ಎಸ್. ಕಟ್ಟಿ ತಹಶೀಲ್ದಾರ್ ಆಗ್ಬೇಕು ಅಂತಿದ್ದೆ."

ನೋಟಾ! ದೇಶದ ಮತಯಂತ್ರದಲ್ಲಿ ಆ ಗುಂಡಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ರಾಯಲ್ಪಾಡಿನ ಜಗಲಿಯ ಮೇಲೆ, ಹಣ್ಣಿನ ವಾಸನೆಯ ಟವಲಿನ ಕೆಳಗೆ, ನನ್ನ ಹೆಂಡತಿ ಅದನ್ನು ಒತ್ತಿ ಬಂದಿದ್ದಳು. ಮತ್ತು ಈ ನೋಟಾದ ಕಾನೂನು ನಿಮಗೆ ಗೊತ್ತಲ್ಲ: ಅದಕ್ಕೆ ಎಷ್ಟೇ ಓಟು ಬಿದ್ದರೂ ಗೆಲ್ಲುವವನು ಅಭ್ಯರ್ಥಿಗಳಲ್ಲೇ ಒಬ್ಬ. ಆ ಕಾನೂನನ್ನು ಅನ್ಯಾಯ ಎಂದು ಖಲೀಲನ ಅಂಗಡಿಯಲ್ಲಿ ಎಷ್ಟೋ ಸಲ ಖಂಡಿಸಿದ್ದೇನೆ, ಅದರ ಫಲಾನುಭವಿ ನಾನೇ ಎಂದು ಗೊತ್ತಿರಲಿಲ್ಲ. ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಸಂಕಟವಾಯಿತು. ಯಾರ್ಯಾರನ್ನೋ ಪ್ರಧಾನಿ ಮಾಡಿ ಕೂರಿಸಿದ ನಾನು, ಇವಳನ್ನು ಒಂದು ದಿನವೂ ತಹಶೀಲ್ದಾರ್ ಮಾಡಿ ನೋಡಿರಲಿಲ್ಲ.

"ಆಗಿದ್ದಿದ್ರೆ ಹೆಂಗಿರ್ತಿತ್ತು?" ಎಂದು ಕೇಳಿದೆ.

ವನಜ ಚೆನ್ನಾಗಿ ಯೋಚಿಸಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ, ತಡವರಿಸಲಿಲ್ಲ. "ಜೀಪು, ಡ್ರೈವರು. ಎಲೆಕ್ಷನ್ ಟೈಮಲ್ಲಿ ನೀವು ಅರ್ಜಿ ಹಿಡ್ಕೊಂಡು ನನ್ನ ಚೇಂಬರ್ ಮುಂದೆ ನಿಂತಿರ್ತಿದ್ರಿ, ಮೇಡಂ, ಬೆನ್ನು ನೋವು, ಡ್ಯೂಟಿ ಕ್ಯಾನ್ಸಲ್ ಮಾಡಿ ಅಂತ."

"ಮಾಡ್ತಿದ್ಯಾ?"

"ಇಲ್ಲ."

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮಾವ ಮರೆತು ಬಿಟ್ಟುಹೋಗಿದ್ದ ಟವಲು ಕುರ್ಚಿಯ ಮೇಲಿತ್ತು, ಅದನ್ನು ನನ್ನ ಕಡೆಗೆ ಎಸೆದು, "ಅಷ್ಟೊಂದು ಆಸೆ ಇದ್ರೆ ಈಗ ಹಾಕ್ತೀನಿ ಬನ್ನಿ. ಹೊದಿಸ್ಕೊಂಡು ಕೈ ಚಾಚಿ. ಈಗ ಪರೀಕ್ಷೆನೂ ಇಲ್ಲ, ಅಜ್ಜೀನೂ ಇಲ್ಲ" ಎಂದಳು. ಮುಖದಲ್ಲಿ ನಗು ಇತ್ತು. ಅದು ಯಾವ ಬಗೆಯ ನಗು ಎಂದು ನನಗೆ ತಿಳಿಯಲಿಲ್ಲ.

ನಾನು ಟವಲನ್ನು ನೀಟಾಗಿ ಮಡಿಚಿದೆ. ಈಗ ಬೇಡ ಎಂದೆ. ಮಾವಿನ ಕಾಲ ಮುಗಿಯಲಿ, ನಾಲ್ಕು ಮಳೆ ಬೀಳಲಿ, ವಾತಾವರಣ ಸ್ವಲ್ಪ ತಿಳಿಯಾಗಲಿ, ಆಮೇಲೆ ನೋಡೋಣ ಎಂದೆ.

ಮಾರನೆಯ ಸಂಜೆ ಖಲೀಲ್ ಮೆಷಿನ್ ನಿಲ್ಲಿಸಿ ಕಾಯುತ್ತಿದ್ದ. "ಏನ್ಲಾ, ರಿಸಲ್ಟ್ ಏನಾಯ್ತು?"

"ಹೊಸದಾಗಿ ಚುನಾವಣೆ ಮಾಡೋಣ ಅಂದ್ಲು. ಮುಂದಕ್ಕೆ ಹೋಗಿದೆ."

"ಮುಂದಕ್ಕೆ ಹಾಕಿದ್ದು ಯಾರು?"

"ಅಧಿಕಾರದಲ್ಲಿರೋರು" ಎಂದು ಹೇಳಿ ನಾನು ಟೀ ಲೋಟ ಎತ್ತಿಕೊಂಡೆ.